ಮನೆಯೆಂಬ ಎರಡನೆಯ ಗರ್ಭ: ಹೊನ್ನಾವರ ಸೀಮೆಯ ಚರಿತ್ರೆಯಲ್ಲಿ ಮಗು, ಕುಟುಂಬ ಮತ್ತು ಧರ್ಮಸಭೆ

ಗುರುದೀಕ್ಷೆಯಾದ ಹೊಸತರಲ್ಲಿ ನಾನು ಕರಾವಳಿಯ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಆ ವರ್ಷ ಮುಂಗಾರಿಗೆ ಮುನ್ನ ಹಳದೀಪುರದ ಕಡೆಯ ಒಂದು ಮೀನುಗಾರ ಕುಟುಂಬದ ಯಜಮಾನ ಕಡಲಿನಿಂದ ಮರಳಲಿಲ್ಲ. ಮನೆಯಲ್ಲಿ ಉಳಿದವರು ಅವನ ವೃದ್ಧ ತಾಯಿ, ಹೆಂಡತಿ ಮತ್ತು ಒಂಬತ್ತು ವರ್ಷದ ಮಗ. ನೆರೆದ ಜನರೆದುರು ನಾನು ಆ ಹುಡುಗನ ಹೆಗಲ ಮೇಲೆ ಕೈಯಿಟ್ಟು, "ಅಳಬೇಡ ಮಗು, ಇನ್ನು ಈ ಮನೆಗೆ ನೀನೇ ಗಂಡಸು" ಎಂದೆ. ಅಂದಿನಿಂದ ಅವನು ಅಳಲಿಲ್ಲ, ಮಾತನ್ನೂ ಆಡಲಿಲ್ಲ. ಕೆಲವು ವಾರಗಳ ಬಳಿಕ ನಾನು ಓಡಾಡಿ ದೂರದ ಊರಿನ ಒಂದು ಬೋರ್ಡಿಂಗಿನಲ್ಲಿ ಅವನಿಗೆ ಉಚಿತ ಸ್ಥಳ ದೊರಕಿಸಿಕೊಂಡು ಆ ಮನೆಗೆ ಹೋದೆ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಅಪ್ಪನನ್ನು ಕಡಲು ತೆಗೆದುಕೊಂಡಿತು ಫಾದರ್. ಮಗನನ್ನು ನೀವು ತೆಗೆದುಕೊಂಡು ಹೋಗುತ್ತೀರಾ?"

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾನು ಒಳ್ಳೆಯದನ್ನೇ ಮಾಡಹೊರಟಿದ್ದೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಅಜ್ಜಿಯ ಮಾತಿಗೆ ಈ ಕರಾವಳಿಯಲ್ಲಿ ಬಹು ಹಳೆಯ ಬೇರುಗಳಿವೆ ಎಂಬುದು ಮುಂದೆ ಧರ್ಮಸಭೆಯ ಚರಿತ್ರೆಯನ್ನು ಓದುವಾಗ ನನಗೆ ತಿಳಿಯಿತು. ದುಃಖಕ್ಕೊಳಗಾದ ಮಗುವನ್ನು ಕಾಯುವವರು ಯಾರು? ಮನೆಯೇ, ನೆರೆಹೊರೆಯೇ, ಧರ್ಮಸಭೆಯೇ, ಸರಕಾರವೇ? ಹೊನ್ನಾವರ ಸೀಮೆಯ ಚರಿತ್ರೆಯ ಕೆಲವು ಪುಟಗಳ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಇಕ್ಕೇರಿಯ ದಾರಿಯ ನಾಲ್ವರು ಹುಡುಗರು

1623ರಲ್ಲಿ ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯಿಂದ ಹಡಗಿನಲ್ಲಿ ಹೊನ್ನಾವರಕ್ಕೆ ಬಂದಿಳಿದನು. ಕೆಳದಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ತಂಡದೊಡನೆ ಅವನು ಶರಾವತಿಯ ಗುಂಟ ಗೇರುಸೊಪ್ಪೆಗೆ ಸಾಗಿ, ಘಟ್ಟವನ್ನೇರಿ ಇಕ್ಕೇರಿಯ ದಾರಿ ಹಿಡಿದನು. ದಾರಿಯಲ್ಲಿ ಒಂದು ದೇವಾಲಯದ ಜಗಲಿಯಲ್ಲಿ ಕಂಡ ದೃಶ್ಯವನ್ನು ಅವನು ತನ್ನ ಪತ್ರದಲ್ಲಿ ವಿವರವಾಗಿ ದಾಖಲಿಸಿದ್ದಾನೆ. ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ಬರೆದುದನ್ನು ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಮರಳು ತುಂಬಿದಾಗ ಅಳಿಸಿ ಹೊಸದಾಗಿ ಹರಡುತ್ತಿದ್ದರು. ಗುರು ಅಲ್ಲಿರಲಿಲ್ಲ. ಮರೆತುಹೋದರೆ ತಿದ್ದುವವರು ಯಾರೆಂದು ಪ್ರವಾಸಿ ಕೇಳಿದನು. ನಾಲ್ವರೂ ಏಕಕಾಲಕ್ಕೆ ಒಂದೇ ಪಾಠವನ್ನು ಮರೆಯುವುದು ಸಾಧ್ಯವಿಲ್ಲ, ಆದುದರಿಂದ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತೇವೆ ಎಂದು ಅವರು ಉತ್ತರಿಸಿದರು.

ಶಿಕ್ಷಣದ ಚರಿತ್ರಕಾರರು ಈ ಪ್ರಸಂಗವನ್ನು ಹಳೆಯ ಕಲಿಕಾ ಪದ್ಧತಿಗೆ ಸಾಕ್ಷಿಯಾಗಿ ಉಲ್ಲೇಖಿಸುವುದುಂಟು. ಪಾಲನಾ ಸೇವೆಯ ದೃಷ್ಟಿಯಿಂದ ಅದರಲ್ಲಿ ಬೇರೊಂದು ಅರ್ಥವೂ ಇದೆ. ಮಗು ಆರೈಕೆಯನ್ನು ಪಡೆಯುವ ಜೀವ ಮಾತ್ರವಲ್ಲ, ಇನ್ನೊಂದು ಮಗುವಿಗೆ ಆಸರೆಯಾಗಬಲ್ಲ ಜೀವವೂ ಹೌದು. ಸಂತ ಫ್ರಾನ್ಸಿಸ್ ಝೇವಿಯರ್ ಇದನ್ನು ಅನುಭವದಿಂದ ಬಲ್ಲವರಾಗಿದ್ದರು. 1542ರಲ್ಲಿ ಗೋವೆಗೆ ಬಂದ ಅವರು ಗಂಟೆ ಬಾರಿಸುತ್ತ ಬೀದಿಯಲ್ಲಿ ನಡೆದು ಮಕ್ಕಳನ್ನು ಧರ್ಮೋಪದೇಶಕ್ಕೆ ಕೂಡಿಸುತ್ತಿದ್ದರು. ಬಳಿಕ ಮುತ್ತಿನ ತೀರದ ಹಳ್ಳಿಗಳಲ್ಲಿ ಎಲ್ಲ ರೋಗಿಗಳ ಬಳಿಗೆ ಹೋಗಲು ತಮ್ಮೊಬ್ಬರಿಂದಾಗದಿದ್ದಾಗ, ಪ್ರಾರ್ಥನೆ ಕಲಿತ ಮಕ್ಕಳನ್ನೇ ಆ ಮನೆಗಳಿಗೆ ಕಳುಹಿದರು. ಮಕ್ಕಳು ಮನೆಮಂದಿಯನ್ನೂ ನೆರೆಯವರನ್ನೂ ಒಟ್ಟುಗೂಡಿಸಿ, ರೋಗಿಯ ಬಳಿ ವಿಶ್ವಾಸಪ್ರಮಾಣವನ್ನು ಹೇಳಿಸಿ, ಧೈರ್ಯ ತುಂಬಿ ಬರುತ್ತಿದ್ದರೆಂದು ಅವರ 1544ರ ಪತ್ರದಿಂದ ತಿಳಿದುಬರುತ್ತದೆ.

2. 1559ರ ಆಜ್ಞೆ ಮತ್ತು ದಕ್ಷಿಣಕ್ಕೆ ಹೊರಟ ಕುಟುಂಬಗಳು

ಇದೇ ಕಾಲದ ಇನ್ನೊಂದು ಮುಖವನ್ನು ಮರೆಮಾಚುವುದು ಪ್ರಾಮಾಣಿಕವಾಗದು. 1559ರಲ್ಲಿ ಪೋರ್ಚುಗಲ್ಲಿನ ದೊರೆ ದೊಂ ಸೆಬಾಸ್ಟಿಯನ್ ಬಾಲಕನಾಗಿದ್ದಾಗ ಅವನ ಹೆಸರಿನಲ್ಲಿ ಗೋವೆಗೆ ಒಂದು ಆಜ್ಞೆ ಹೊರಟಿತು. ತಂದೆ, ತಾಯಿ, ಅಜ್ಜ, ಅಜ್ಜಿ ಯಾರೂ ಇಲ್ಲದ ಹಿಂದೂ ಮಕ್ಕಳನ್ನು ವಶಕ್ಕೆ ತೆಗೆದುಕೊಂಡು, ಯೇಸುಸಭೆಯವರು ನಡೆಸುತ್ತಿದ್ದ ಸಂತ ಪೌಲರ ವಿದ್ಯಾಲಯಕ್ಕೆ ಒಪ್ಪಿಸಬೇಕು. ಅವರಿಗೆ ಜ್ಞಾನಸ್ನಾನ ಕೊಟ್ಟು ಕ್ರೈಸ್ತರಾಗಿ ಬೆಳೆಸಬೇಕು ಎಂಬುದು ಅದರ ಸಾರಾಂಶ. ಕ್ರಮೇಣ ಅನಾಥ ಎಂಬ ಪದದ ವ್ಯಾಪ್ತಿ ಹಿಗ್ಗಿತು. ತಾಯಿ ಬದುಕಿದ್ದರೂ ತಂದೆಯಿಲ್ಲದ ಮಗು ಅನಾಥವೆಂದು ಎಣಿಸಲ್ಪಡತೊಡಗಿತು. ಮಕ್ಕಳನ್ನು ಬಂಧುಗಳು ಬಚ್ಚಿಡುವುದೂ, ರಾತ್ರೋರಾತ್ರಿ ಗಡಿ ದಾಟಿಸುವುದೂ ನಡೆಯಿತು.

ಗೋವೆಯಿಂದ ಕನ್ನಡ ಕರಾವಳಿಗೆ ಸಾರಸ್ವತ ಮುಂತಾದ ಕುಟುಂಬಗಳು ವಲಸೆ ಬಂದುದಕ್ಕೆ ಕಾರಣಗಳು ಹಲವು: ದೇವಾಲಯಗಳ ನಾಶ, ತೆರಿಗೆ, ಯುದ್ಧ, ವ್ಯಾಪಾರ. ಅವುಗಳ ನಡುವೆ ಮಕ್ಕಳನ್ನು ಕಳೆದುಕೊಳ್ಳುವ ಭಯವೂ ಒಂದಾಗಿತ್ತು. ಅಂಕೋಲೆ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ನೆಲೆಸಿದ ಅನೇಕ ಮನೆತನಗಳು ಗೋವೆಯ ಕುಲದೇವರನ್ನು ಇಂದಿಗೂ ನೆನೆಯುತ್ತವೆ. ಹಳದೀಪುರದ ಹೆಸರನ್ನೇ ಅಡ್ಡಹೆಸರಾಗಿ ಧರಿಸಿದ ಸಾರಸ್ವತ ಮನೆತನಗಳೂ ಇವೆ. ಮುಂದೆ ಇದೇ ದಾರಿಯಲ್ಲಿ ಬರಗಾಲ, ತೆರಿಗೆ, ಮರಾಠರ ದಾಳಿ ಮತ್ತು ಧರ್ಮವಿಚಾರಣೆಯ ಕಾಟದಿಂದಾಗಿ ಗೋವೆಯ ಕ್ರೈಸ್ತ ಕುಟುಂಬಗಳೂ ದಕ್ಷಿಣಕ್ಕೆ ಬಂದವು. ನಮ್ಮ ಕರಾವಳಿಯ ಧರ್ಮಕೇಂದ್ರಗಳ ಬಹುಪಾಲು ವಿಶ್ವಾಸಿಗಳು ಅವರ ಸಂತತಿಯವರು. ಅಂದರೆ ಇಂದು ಬೇಲಿಯಾಚೆ ಈಚೆ ಇರುವ ಎರಡು ಮನೆಗಳ ಪೂರ್ವಜರು ಬೇರೆ ಬೇರೆ ಭಯಗಳಿಂದ ಮಕ್ಕಳ ಕೈಹಿಡಿದು ಒಂದೇ ದಾರಿಯಲ್ಲಿ ನಡೆದವರು. ಶಿಶುವನ್ನೆತ್ತಿಕೊಂಡು ಇರುಳಿನಲ್ಲಿ ಈಜಿಪ್ಟಿನ ದಾರಿ ಹಿಡಿದ ಸಂತ ಜೋಸೆಫರನ್ನು ಧ್ಯಾನಿಸುವ ನಾವು ಇದನ್ನು ಮರೆಯಲಾಗದು.

3. ಸಂತ ಥಾಮಸ್ ಅಕ್ವಿನಾಸರ ಎಚ್ಚರಿಕೆ

ಅಂದಿನ ತಿಳಿವಳಿಕೆಯೇ ಹಾಗಿತ್ತು ಎಂದು ಹೇಳಿ ಈ ಅಧ್ಯಾಯವನ್ನು ಮುಚ್ಚಬಹುದೇ? ಮುಚ್ಚಲಾಗದು. ಏಕೆಂದರೆ ಆ ಆಜ್ಞೆಗೆ ಮುನ್ನೂರು ವರ್ಷಗಳಷ್ಟು ಹಿಂದೆಯೇ ಸಂತ ಥಾಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ತಮ್ಮ ದೈವಶಾಸ್ತ್ರ ಸಂಗ್ರಹದಲ್ಲಿ ಎತ್ತಿಕೊಂಡಿದ್ದರು. ಅನ್ಯಮತೀಯರ ಮಕ್ಕಳಿಗೆ ಹೆತ್ತವರ ಇಚ್ಛೆಗೆ ವಿರುದ್ಧವಾಗಿ ಜ್ಞಾನಸ್ನಾನ ಕೊಡಬಹುದೇ ಎಂಬುದಕ್ಕೆ ಅವರ ಉತ್ತರ ಕೂಡದು ಎಂಬುದೇ. ಧರ್ಮಸಭೆಯಲ್ಲಿ ಅಂತಹ ರೂಢಿ ಇರಲಿಲ್ಲವೆಂಬುದು ಅವರ ಮೊದಲ ಕಾರಣ. ಅದು ಸ್ವಾಭಾವಿಕ ನ್ಯಾಯಕ್ಕೆ ವಿರುದ್ಧವೆಂಬುದು ಇನ್ನೊಂದು. ಈ ಎರಡನೆಯ ಕಾರಣವನ್ನು ವಿವರಿಸುವಾಗ ಅವರು ಬಳಸುವ ಉಪಮೆ ಗಮನಾರ್ಹವಾದುದು. ಹುಟ್ಟುವ ಮುನ್ನ ಮಗು ತಾಯಿಯ ಗರ್ಭದಲ್ಲಿರುತ್ತದೆ. ಹುಟ್ಟಿದ ಮೇಲೆ ಸ್ವಂತ ವಿವೇಕ ಮೂಡುವವರೆಗೆ ಅದು ಹೆತ್ತವರ ಆರೈಕೆಯೆಂಬ ಆಧ್ಯಾತ್ಮಿಕ ಗರ್ಭದಲ್ಲಿರುತ್ತದೆ ಎಂಬುದು ಆ ಉಪಮೆಯ ತಾತ್ಪರ್ಯ.

ಈ ಉಪಮೆಯಿಂದ ಎರಡು ನಿರ್ಣಯಗಳು ಹೊರಡುತ್ತವೆ. ಗರ್ಭವು ಮಗುವಿನ ಸೊತ್ತೂ ಅಲ್ಲ, ಸೆರೆಮನೆಯೂ ಅಲ್ಲ. ಮಗು ಬೆಳೆದು ಹೊರಬರುವುದಕ್ಕಾಗಿಯೇ ಅದು ಇರುವುದು. ಆದುದರಿಂದ ಹೆತ್ತವರ ಹಕ್ಕು ಮಗುವಿನ ಮೇಲೆ ನಡೆಸುವ ಅಧಿಕಾರವಲ್ಲ, ಮಗುವಿನ ಬೆಳವಣಿಗೆಗಾಗಿ ಹೊತ್ತ ಹೊಣೆ. ಗರ್ಭಕ್ಕೆ ಗಾಯವಾದಾಗ ವೈದ್ಯನು ಮೊದಲು ತಾಯಿಯನ್ನು ಉಳಿಸಿ ಮಗುವನ್ನು ಉಳಿಸಲು ಯತ್ನಿಸುತ್ತಾನೆ. ಮಗುವಿನ ಆರೈಕೆ ಹಾಗೆಯೇ ಕುಟುಂಬದ ಆರೈಕೆಯಿಂದ ಆರಂಭವಾಗಬೇಕು. ಗೋವೆಯ ಆಜ್ಞೆ ಇದಕ್ಕೆ ಹಿಮ್ಮುಖವಾಗಿ ನಡೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಹೆತ್ತವರ ಈ ಹಕ್ಕನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. 2000ದ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಕ್ಷಮಾಯಾಚನೆಯ ದಿನವನ್ನು ಆಚರಿಸಿ, ಸತ್ಯದ ಸೇವೆಯ ಹೆಸರಿನಲ್ಲಿ ನಡೆದ ಬಲಾತ್ಕಾರಕ್ಕಾಗಿ ದೇವರ ಕ್ಷಮೆಯನ್ನು ಬೇಡಿದರು. ಸ್ಥಳೀಯ ಚರಿತ್ರೆಯನ್ನು ಓದುವಾಗ ಆ ಪ್ರಾರ್ಥನೆಯನ್ನು ನಮ್ಮದಾಗಿಸಿಕೊಳ್ಳಬೇಕಾಗಿದೆ.

4. ಆದಿಸಭೆಯ ರೀತಿ

ಅನಾಥ ಮಗುವಿನ ಆರೈಕೆಯಲ್ಲಿ ಧರ್ಮಸಭೆಗೆ ಇನ್ನೂ ಹಳೆಯದಾದ, ಇನ್ನೂ ಸೌಮ್ಯವಾದ ಪರಂಪರೆಯೊಂದಿದೆ. ಮೂರನೆಯ ಶತಮಾನದಲ್ಲಿ ಸಿರಿಯಾದಲ್ಲಿ ರಚಿತವಾದ ಪ್ರೇಷಿತರ ಬೋಧನೆ ಎಂಬ ನಿಯಮಗ್ರಂಥವು, ಸಭೆಯ ಮಗುವೊಂದು ತಬ್ಬಲಿಯಾದಾಗ ಮಕ್ಕಳಿಲ್ಲದ ವಿಶ್ವಾಸಿಗಳು ಅದನ್ನು ತಮ್ಮ ಮಗುವಾಗಿ ಸ್ವೀಕರಿಸಬೇಕೆಂದು ಸೂಚಿಸುತ್ತದೆ. ಗಂಡುಮಗುವಿಗೆ ಕಸುಬು ಕಲಿಸಿ, ತನ್ನ ಕಾಲ ಮೇಲೆ ನಿಲ್ಲುವಂತೆ ಮಾಡುವ ಹೊಣೆಯನ್ನು ಧರ್ಮಾಧ್ಯಕ್ಷನಿಗೆ ವಹಿಸುತ್ತದೆ. ಇಲ್ಲಿ ಮೊದಲ ಆಸರೆ ಒಂದು ಮನೆ; ಧರ್ಮಾಧ್ಯಕ್ಷನು ಆ ಮನೆಯನ್ನು ಹುಡುಕಿಕೊಡುವವನು.

ನಾಲ್ಕನೆಯ ಶತಮಾನದ ಕಪ್ಪದೋಕಿಯದಲ್ಲಿ ಭೀಕರ ಬರಗಾಲ ಬಂದಾಗ ಸಂತ ಮಕ್ರೀನಾ ದಾರಿಬದಿಯಲ್ಲಿ ಬಿದ್ದಿದ್ದ ಹೆಣ್ಣುಮಕ್ಕಳನ್ನು ಎತ್ತಿ ತಂದು ತಮ್ಮ ಸಮುದಾಯದಲ್ಲಿ ಸಾಕಿದರು. ಆಕೆಯ ಮರಣದಲ್ಲಿ ತಾಯಿಯನ್ನು ಕಳೆದುಕೊಂಡವರಂತೆ ಅತ್ತವರು ಅವರೇ ಎಂದು ಆಕೆಯ ಸಹೋದರ ನಿಸ್ಸಾದ ಸಂತ ಗ್ರೆಗೊರಿ ಬರೆದಿದ್ದಾರೆ. ಇನ್ನೊಬ್ಬ ಸಹೋದರ ಸಂತ ಬೆಸಿಲರು ತಮ್ಮ ಮಠನಿಯಮದಲ್ಲಿ ಅನಾಥರನ್ನು ಸ್ವೀಕರಿಸಲು ಹೇಳುತ್ತಾರೆ. ಹೆತ್ತವರಿರುವ ಮಗುವನ್ನಾದರೋ ಹೆತ್ತವರೇ ತಂದು, ಸಾಕ್ಷಿಗಳ ಮುಂದೆ ಒಪ್ಪಿಸಿದರೆ ಮಾತ್ರ ಸ್ವೀಕರಿಸಬೇಕು. ಬುದ್ಧಿ ಬಲಿಯುವ ಮುನ್ನ ಮಗುವಿನಿಂದ ವ್ರತ ಪಡೆಯಕೂಡದು, ಬೆಳೆದ ಮೇಲೆ ಹೋಗಬಯಸಿದರೆ ಸಾಕ್ಷಿಗಳ ಸಮ್ಮುಖದಲ್ಲಿಯೇ ಕಳುಹಿಸಿಕೊಡಬೇಕು ಎನ್ನುತ್ತಾರೆ. ಸಂಸ್ಥೆಯೊಂದು ಮಗುವನ್ನು ಸ್ವೀಕರಿಸಬಹುದು, ಕಸಿದುಕೊಳ್ಳಬಾರದು ಎಂಬ ವಿವೇಕ ಅಷ್ಟು ಹಿಂದೆಯೇ ನಮ್ಮಲ್ಲಿತ್ತು.

5. ಬೆಸಾಂವ್, ವಾಡೆ, ತೆನೆಹಬ್ಬ

ಈಗ ನಮ್ಮ ಕರಾವಳಿಗೆ ಮರಳೋಣ. 1678ರಲ್ಲಿ ಕೆಳದಿಯ ಅರಸರೊಡನೆ ಆದ ಒಪ್ಪಂದದ ಮೂಲಕ ಮಿರ್ಜಾನ, ಚಂದಾವರ, ಭಟ್ಕಳ ಮತ್ತು ಕಲ್ಯಾಣಪುರಗಳಲ್ಲಿ ಚರ್ಚುಗಳನ್ನು ಕಟ್ಟಲು ಪೋರ್ಚುಗೀಸರಿಗೆ ಅನುಮತಿ ದೊರೆಯಿತು. 1681ರಿಂದ 1684ರವರೆಗೆ ಸಂತ ಜೋಸೆಫ್ ವಾಜರು ಕೆನರಾ ಪ್ರಾಂತದಲ್ಲಿ ಕಾಲ್ನಡೆಯಲ್ಲಿ ಸಂಚರಿಸಿ, ಚದುರಿಹೋದ ಕುಟುಂಬಗಳನ್ನು ಸಂಧಿಸಿ, ಪ್ರಾರ್ಥನಾಕೂಟಗಳನ್ನೂ ಮಕ್ಕಳಿಗಾಗಿ ಸಣ್ಣ ಶಾಲೆಗಳನ್ನೂ ಆರಂಭಿಸಿದರು. ಗುರುಗಳು ವಿರಳವಾಗಿದ್ದ ಆ ಕಾಲದಲ್ಲಿ ವಿಶ್ವಾಸವನ್ನೂ ಮಕ್ಕಳನ್ನೂ ಕಾಪಾಡಿದ್ದು ದೊಡ್ಡ ಸಂಸ್ಥೆಗಳಲ್ಲ, ಚಿಕ್ಕ ರೂಢಿಗಳು.

ಅವುಗಳಲ್ಲಿ ಮೊದಲನೆಯದು ಸಂಜೆಯ ಜಪಸರ ಮತ್ತು ಅದರ ಕೊನೆಯಲ್ಲಿ ಮಕ್ಕಳು ಕೇಳುವ ಬೆಸಾಂವ್. ದೀಪದ ಮುಂದೆ ಪ್ರಾರ್ಥನೆ ಮುಗಿದೊಡನೆ ಮಗು ಅಜ್ಜ, ಅಜ್ಜಿ, ತಂದೆ, ತಾಯಿ ಒಬ್ಬೊಬ್ಬರ ಮುಂದೆಯೂ ನಿಂತು ಆಶೀರ್ವಾದ ಬೇಡುತ್ತದೆ. ಹಗಲಿನಲ್ಲಿ ಏಟು ತಿಂದ ಮಗುವಿಗೂ, ಏಟು ಕೊಟ್ಟ ತಂದೆಗೂ ದಿನಕ್ಕೊಮ್ಮೆ ಮುಖಾಮುಖಿಯಾಗುವ ಅವಕಾಶವದು. ಮಗುವಿನ ತಲೆಯ ಮೇಲೆ ಒಂದು ಕೈ ಬೀಳದೆ ಆ ಮನೆಯಲ್ಲಿ ರಾತ್ರಿಯಾಗುವುದಿಲ್ಲ.

ಎರಡನೆಯದು ವಾಡೆ. ಮಂಗಳೂರು ಸೀಮೆಯಲ್ಲಿ ಪ್ರತಿ ವಾಡೆಗೂ ಒಬ್ಬ ಗುರ್ಕಾರನಿದ್ದು, ರೋಗ, ಜಗಳ, ಸಾವು, ಮದುವೆಗಳಲ್ಲಿ ಗುರುಗಳಿಗಿಂತ ಮೊದಲು ಮನೆಗೆ ತಲಪುವವನು ಅವನೇ ಆಗಿದ್ದನು. ಮೂರನೆಯದು ಜ್ಞಾನಸ್ನಾನದ ತಂದೆತಾಯಿಗಳ ಸಂಬಂಧ. ಹೆತ್ತವರು ಇಲ್ಲವಾದಾಗ ಮಗುವಿಗೆ ಹೋಗಲು ಇನ್ನೊಂದು ಮನೆ ಇದೆಯೆಂಬ ಭರವಸೆಯನ್ನು ಆ ಸಂಸ್ಕಾರವೇ ಕೊಡುತ್ತಿತ್ತು. ನಾಲ್ಕನೆಯದು ಸೆಪ್ಟೆಂಬರ್ 8ರ ತೆನೆಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ ಫಾದರ್ ಜೋಕಿಂ ಮಿರಾಂದರು 1763ರಲ್ಲಿ ಆರಂಭಿಸಿದರೆಂದು ಪರಂಪರೆ ಹೇಳುವ ಈ ಹಬ್ಬದಲ್ಲಿ ಒಂಬತ್ತು ದಿನ ಮರಿಯಮ್ಮನವರಿಗೆ ಹೂ ಅರ್ಪಿಸುವವರು ಮಕ್ಕಳೇ. ಹಬ್ಬದ ದಿನ ಹೊಸ ಭತ್ತದ ಕಾಳು ಮನೆಯ ಪ್ರತಿಯೊಬ್ಬರಿಗೂ ಸಲ್ಲಬೇಕು. ಮುಂಬಯಿಯಲ್ಲಿರುವ ಅಣ್ಣನಿಗೂ ಕೊಲ್ಲಿಯಲ್ಲಿರುವ ತಂದೆಗೂ ಅದನ್ನು ಕಳುಹಿಸುವುದುಂಟು. ದೂರವಿರುವ ತಂದೆಗೂ ಈ ಊಟದಲ್ಲಿ ಪಾಲಿದೆ ಎಂಬುದನ್ನು ಮಗು ಆ ಕಾಳಿನಿಂದ ಕಲಿಯುತ್ತದೆ.

ಈ ರೂಢಿಗಳ ಬಲ ಪರೀಕ್ಷೆಗೊಳಗಾದ ಕಾಲವೂ ಬಂತು. 1784ರಲ್ಲಿ ಕೆನರಾದ ಕ್ರೈಸ್ತರು ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಸಂಖ್ಯೆಯ ಬಗೆಗೂ ಕಾರಣಗಳ ಬಗೆಗೂ ಚರಿತ್ರಕಾರರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಕುಟುಂಬಗಳು ಒಡೆದುದೂ, ಅನೇಕರು ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದುದೂ ನಿಶ್ಚಿತ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಉಳಿದವರು ಮರಳಿದರು. ಅವರಲ್ಲಿ ಸೆರೆಯಲ್ಲಿಯೇ ಹುಟ್ಟಿ, ತನ್ನ ಊರನ್ನು ಎಂದೂ ಕಾಣದ ಒಂದು ಪೀಳಿಗೆಯೇ ಇತ್ತು. ಚರ್ಚುಗಳು ಕೆಡವಲ್ಪಟ್ಟಿದ್ದವು, ಹೊಲಗಳು ಪರರ ವಶವಾಗಿದ್ದವು. ಆದರೂ ಕೆಲವೇ ದಶಕಗಳಲ್ಲಿ ಸಮುದಾಯವು ಮತ್ತೆ ಕಟ್ಟಿಕೊಂಡಿತು. ಗುರುಗಳಿಲ್ಲದ ಸೆರೆಯಲ್ಲಿಯೂ ಹದಿನೈದು ವರ್ಷ ಉಳಿದುಬಂದುದು ಹಿರಿಯರ ಬಾಯಿಪಾಠದ ಪ್ರಾರ್ಥನೆ ಮತ್ತು ಒಬ್ಬರ ಮಗುವನ್ನು ಇನ್ನೊಬ್ಬರು ಎತ್ತಿಕೊಳ್ಳುವ ವಾಡಿಕೆ. ಈ ನೆನಪನ್ನು ದ್ವೇಷಕ್ಕೆ ಬಳಸುವವರು ಅದರ ಪಾಠವನ್ನು ಕಲಿಯುವುದಿಲ್ಲ. ಮೇಲೆ ಹೇಳಿದ 1559ರ ನೆನಪನ್ನೂ ಜೊತೆಗಿರಿಸಿಕೊಂಡಾಗ ಮಾತ್ರ ಅದು ನಮ್ಮನ್ನು ವಿನೀತರನ್ನಾಗಿಸುತ್ತದೆ.

6. ಸಂಸ್ಥೆಗಳ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಚಿತ್ರ ಬದಲಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಶಾಲೆ, ಅನಾಥಾಲಯಗಳ ಜೊತೆಗೆ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ಕಟ್ಟಿ, ಸ್ವಜನರಿಂದ ದೂರವಾದವರಿಗೆ ಬದುಕುವ ದಾರಿ ತೋರಿದರು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳು ಜೆಪ್ಪುವಿನಲ್ಲಿ ಗುರುಮಠವನ್ನೂ ಅನಾಥರಿಗಾಗಿ ಕಸುಬಿನ ಶಾಲೆಯನ್ನೂ ನಡೆಸಿದರು. ಉತ್ತರ ಕನ್ನಡದ ಕಥೆ ತುಸು ಭಿನ್ನ. ಈ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಧರ್ಮಸಭೆಯ ಆಡಳಿತದಲ್ಲಿ ಅದು 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯಕ್ಕೂ, 1976ರಲ್ಲಿ ಹೊಸದಾದ ಕಾರವಾರ ಧರ್ಮಪ್ರಾಂತ್ಯಕ್ಕೂ ಒಳಪಟ್ಟಿತು. ಇಲ್ಲಿಯೂ ಬೋರ್ಡಿಂಗುಗಳು ಬಂದವು. ದೂರದ ಹಳ್ಳಿಯ ಬಡಮಕ್ಕಳು ಓದಿದ್ದು ಅವುಗಳಿಂದಲೇ. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಆದರೆ ಬೆಲೆಯೂ ಇತ್ತು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿದ್ಧಪಡಿಸಿದ ವರದಿಯಲ್ಲಿ ಮನೋವೈದ್ಯ ಜಾನ್ ಬೌಲ್ಬಿ, ಒಳ್ಳೆಯ ಆಹಾರ ಮತ್ತು ವಸತಿ ಇದ್ದರೂ ನಿಕಟ ಸಂಬಂಧವಿಲ್ಲದೆ ಬೆಳೆದ ಎಳೆಯರ ಮನಸ್ಸು ಹೇಗೆ ಬಾಡುತ್ತದೆ ಎಂಬುದನ್ನು ತೋರಿಸಿದರು. ಹವಾಯಿ ದ್ವೀಪಸಮೂಹದ ಕವಾಯಿಯಲ್ಲಿ 1955ರಲ್ಲಿ ಹುಟ್ಟಿದ 698 ಶಿಶುಗಳನ್ನು ದಶಕಗಳ ಕಾಲ ಅನುಸರಿಸಿದ ಎಮ್ಮಿ ವರ್ನರ್ ಅವರ ಅಧ್ಯಯನವು ಇದರ ಇನ್ನೊಂದು ಮಗ್ಗುಲನ್ನು ಬೆಳಗಿತು. ಬಡತನ, ಕಲಹ, ರೋಗಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗಟ್ಟಿಯಾಗಿ ನಿಂತರು. ಅವರ ಬಾಳಿನಲ್ಲಿ ಅಜ್ಜಿಯೋ ನೆರೆಯವರೋ ಶಿಕ್ಷಕರೋ, ಸ್ಥಿರವಾಗಿ ಅಕ್ಕರೆ ತೋರಿದ ಒಬ್ಬರಾದರೂ ಹಿರಿಯರಿದ್ದರು. ನಮ್ಮ ಬೆಸಾಂವ್ ಹಾಗೂ ವಾಡೆಗಳು ಕೊಡುತ್ತಿದ್ದುದು ಇಂತಹ ಆಸರೆಯನ್ನೇ. ಇಂದು ಭಾರತದ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕು ಎಂಬ ತತ್ತ್ವವನ್ನು ಅಂಗೀಕರಿಸಿದೆ.

ಹಳೆಯ ವ್ಯವಸ್ಥೆಯನ್ನು ಕುರುಡಾಗಿ ಹೊಗಳುವುದೂ ಸಲ್ಲದು. ಮನೆಯೆಂಬ ಗರ್ಭದೊಳಗೆ ಹಿಂಸೆ ನಡೆದಾಗ ಮರ್ಯಾದೆಯ ಹೆಸರಿನಲ್ಲಿ ಅದನ್ನು ಮುಚ್ಚಿಟ್ಟವರು ವಾಡೆಯ ಹಿರಿಯರೇ. ಜಾತಿಯ ಗೋಡೆ ಪ್ರಾರ್ಥನಾಕೂಟಗಳ ಒಳಗೂ ಇತ್ತು. ಹೆಣ್ಣುಮಗುವಿನ ದುಃಖಕ್ಕೆ ಕಿವಿ ಕಡಮೆಯಿತ್ತು. ಆದುದರಿಂದಲೇ 2012ರ ಪೋಕ್ಸೊ ಕಾಯ್ದೆ ಮಗುವಿನ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದವರು ವರದಿ ಮಾಡಲೇಬೇಕೆಂದು ವಿಧಿಸಿದುದನ್ನು ನಾವು ಹೊರೆಯೆಂದಲ್ಲ, ಮಗುವಿನ ಪರವಾದ ರಕ್ಷೆಯೆಂದು ಸ್ವೀಕರಿಸಬೇಕು.

7. ಉಪಸಂಹಾರ: ಗುರುವಿನ ಮೊದಲ ಪ್ರಶ್ನೆ

ಜೆರುಸಲೇಮಿನಿಂದ ಮರಳುವಾಗ ಮರಿಯಮ್ಮ ಮತ್ತು ಜೋಸೆಫರು ಒಂದು ದಿನದ ದಾರಿ ನಡೆಯುವವರೆಗೂ ಗಾಬರಿಗೊಳ್ಳಲಿಲ್ಲವೆಂದು ಸಂತ ಲೂಕರು ತಿಳಿಸುತ್ತಾರೆ. ಬಾಲಕ ಯೇಸು ಬಂಧುಬಳಗದ ನಡುವೆ ಇರಬೇಕೆಂದು ಅವರು ನಂಬಿದ್ದರು. ಪವಿತ್ರ ಕುಟುಂಬವೂ ಒಂಟಿಯಾಗಿ ಮಗುವನ್ನು ಬೆಳೆಸಲಿಲ್ಲ. ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ತಂದೆ ಕೊಲ್ಲಿಯಲ್ಲಿ, ತಾಯಿ ದಾದಿಯಾಗಿ ನಗರದಲ್ಲಿ, ಮಗು ಮುದುಕರ ಬಳಿ ಇರುವ ಮನೆಗಳು ಎಷ್ಟಿಲ್ಲ? ಅಂತಹ ಮನೆಗೆ ಹೋದಾಗ ಈ ಮಗುವಿಗೆ ಯಾವ ಸಂಸ್ಥೆ ಹುಡುಕಲಿ ಎಂಬುದು ನಮ್ಮ ಮೊದಲ ಪ್ರಶ್ನೆಯಾಗಬಾರದು. ಈಗಾಗಲೇ ಈ ಮಗುವಿನ ಸುತ್ತ ಯಾರಿದ್ದಾರೆ, ಅವರಿಗೆ ಏನು ಬೇಕು ಎಂಬುದು ಮೊದಲ ಪ್ರಶ್ನೆಯಾಗಬೇಕು.

ಉತ್ತರದಲ್ಲಿ ಅಜ್ಜಿ ಇರಬಹುದು, ಜ್ಞಾನಸ್ನಾನದ ತಾಯಿ ಇರಬಹುದು, ಬೇಲಿಯಾಚೆಯ ಹಿಂದೂ ಅಥವಾ ಮುಸ್ಲಿಂ ನೆರೆಯವರಿರಬಹುದು. ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಶಿಕ್ಷಕಿ, ಆಶಾ ಕಾರ್ಯಕರ್ತೆಯರೂ ಅದರಲ್ಲಿ ಸೇರಬೇಕು. ದುಃಖ ಆಳವಾಗಿದ್ದರೆ, ಮಗು ನಿದ್ದೆ, ಊಟ, ಮಾತುಗಳನ್ನು ಬಿಟ್ಟರೆ, ಪ್ರಾರ್ಥನೆಯ ಜೊತೆಗೆ ವೈದ್ಯರ ನೆರವು ಬೇಕು. 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಯ 14416 ಮತ್ತು ಮಕ್ಕಳ ಸಹಾಯವಾಣಿಯ 1098 ಸಂಖ್ಯೆಗಳು ಪ್ರತಿಯೊಂದು ಗುರುಮನೆಯ ಗೋಡೆಯ ಮೇಲಿರಬೇಕು. ಮನೆಯೇ ಅಪಾಯವಾದಾಗ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ಬಾಗಿಲು ತಟ್ಟಲು ಹಿಂಜರಿಯಬಾರದು. ಮತ್ತು ಆ ಮಗುವಿನ ಜೊತೆ ಕೂರಬಲ್ಲ ಇತರ ಮಕ್ಕಳನ್ನು ಮರೆಯಬಾರದು. ಇಕ್ಕೇರಿಯ ದಾರಿಯ ಆ ನಾಲ್ವರು ಹುಡುಗರ ಮಾತು ದುಃಖದ ವಿಷಯದಲ್ಲಿಯೂ ನಿಜ.

ಅಂದು ಅಜ್ಜಿಯ ಮಾತು ಕೇಳಿ ನಾನು ಬೋರ್ಡಿಂಗಿನ ಸ್ಥಳವನ್ನು ಬೇರೊಂದು ಮಗುವಿಗೆ ಬಿಟ್ಟುಕೊಟ್ಟೆ. ಹುಡುಗನಿಗೆ ಮಾತು ಮರಳಿಸಿದವನು ನಾನಲ್ಲ. ನೆರೆಮನೆಯ ಖಾರ್ವಿ ಹಿರಿಯರೊಬ್ಬರು ಪ್ರತಿ ಸಂಜೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಲೆ ಹೆಣೆಯುತ್ತಿದ್ದರು, ಏನನ್ನೂ ಕೇಳುತ್ತಿರಲಿಲ್ಲ. ಶಾಲೆಯ ಶಿಕ್ಷಕಿ ಅವನ ಗೆಳೆಯರನ್ನು ಮನೆಗೆ ಕಳುಹಿಸುತ್ತಿದ್ದರು. ಕೆಲವು ತಿಂಗಳ ಬಳಿಕ ಒಂದು ಸಂಜೆ ಆ ಮನೆಯಲ್ಲಿ ಜಪಸರಕ್ಕೆ ಕುಳಿತಿದ್ದೆ. ಪ್ರಾರ್ಥನೆ ಮುಗಿದಾಗ ಅವನು ಅಜ್ಜಿಯಲ್ಲಿ ಬೆಸಾಂವ್ ಕೇಳಿದನು, ತಾಯಿಯಲ್ಲಿ ಕೇಳಿದನು, ಬಳಿಕ ಗೋಡೆಯ ಮೇಲಿದ್ದ ತಂದೆಯ ಪಟದ ಮುಂದೆ ನಿಂತು ಅತ್ತನು. ಈ ಬಾರಿ ನಾನು ಅಳಬೇಡವೆಂದು ಹೇಳಲಿಲ್ಲ.